ಹಳೆ ಸ್ವಿಸ್ ಕೋವಿ, ಅದಕ್ಕೆ ಯಾರೋ ಬಳಿದ ವಾರ್ನಿಶ್

ಮೊದಲೇ ಹೇಳಿಬಿಡುತ್ತೇನೆ, ಸ್ವಿಸ್ ಸೈನ್ಯದ ಹಳೆ ಕೋವಿ ಕೆ31 ಅಪರೂಪದ್ದೇನಲ್ಲ. 1931ರಿಂದ 1958ರವರೆಗೆ ಬರ್ನ್ ನಗರದ ಸರ್ಕಾರಿ ಶಸ್ತ್ರ ಕಾರ್ಖಾನೆಯಲ್ಲಿ ಸುಮಾರು 5,28,000 ತಯಾರಾದವು. ಸ್ವಿಟ್ಜರ್ಲೆಂಡಿನಲ್ಲಿ ಹಳೆ ಶಸ್ತ್ರಗಳ ಸಂತೆ ಎಲ್ಲೇ ನಡೆದರೂ ಒಂದೆರಡು ಒರಗಿ ನಿಂತಿರುತ್ತವೆ. ನಿಜಕ್ಕೂ ಅಪರೂಪದ್ದೇ ಬೇಕು ಅನ್ನುವವರು 1893ರ ಮಾನ್‌ಲಿಷರ್ ಕಾರ್ಬೈನ್ (ಗಿಡ್ಡ ಕೋವಿ) ಹುಡುಕುತ್ತಾರೆ. ಕುದುರೆ ಪಡೆಗೆ ಅಂತ ಮಾಡಿಸಿದ್ದು. ಸವಾರರಿಗೆ ಹಿಡಿಸಲಿಲ್ಲ, ಬೇಗ ಮೂಲೆ ಸೇರಿತು. ಇಲ್ಲವೇ ಕೆ31ರದ್ದೇ ತಮ್ಮನಾದ 31/43, ಎಡಪಕ್ಕಕ್ಕೆ ಕಾಯಂ ಆಗಿ ಕೂರಿಸಿದ, ತಲೆ ಮಡಚುವ ದುರ್ಬೀನು ಇರುವ ಸ್ನೈಪರ್ ಕೋವಿ. ಅವುಗಳ ಬೆಲೆ ಕೇಳಿಕೊಂಡು ನಾನು ಕಾಫಿ ಕುಡಿದು ಮನೆಗೆ ಬರುತ್ತೇನೆ, ಅಷ್ಟೇ.

ಆದರೆ ಕೆ31ರಲ್ಲೂ ಒಂದು ಜಾತಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ. ಯಾರೂ ಕೈ ಹಾಕದ್ದು. ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು), ಬ್ಯಾರೆಲ್ (ನಳಿಗೆ), ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬೀಗ ಹಾಕುವ ಭಾಗ), ಮ್ಯಾಗಜೀನ್ (ತೋಟಾ ಪೆಟ್ಟಿಗೆ) ಎಲ್ಲದರ ಮೇಲೂ ಒಂದೇ ನಂಬರ್ ಇರಬೇಕು. ಮರಕ್ಕೆ ಉಪ್ಪುಕಾಗದ ಮುಟ್ಟಿರಬಾರದು. ಭುಜಕ್ಕೆ ಒರಗುವ ಹಿಂತುದಿ, ಅಂದರೆ ಬಟ್ಟಿನ, ಲೋಹದ ತಟ್ಟೆಯಾದ ಬಟ್ ಪ್ಲೇಟಿನ ಕೆಳಗೆ ಸೈನಿಕನ ಚೀಟಿ ಇದ್ದಲ್ಲೇ ಇರಬೇಕು. ಹೊಸದರಂತೆ ಹೊಳೆಯಲಿ ಅಂತ ಉಜ್ಜಿ ಉಜ್ಜಿ ಜನ ಇವನ್ನು ಹಾಳು ಮಾಡಿದ್ದಾರೆ. ನನ್ನ ಮೇಜಿನ ಮೇಲೆ ಈಗ ಇರುವುದು ಅರ್ಧ ಹಾಳಾಗಿ ಉಳಿದುಕೊಂಡದ್ದು. ನಂಬರ್‌ಗಳೆಲ್ಲ ಹೊಂದುತ್ತವೆ. ಹಿಂದಿನವರು ಯಾರೋ ಮರದ ಮೇಲೆ ದಪ್ಪಗೆ, ಮಿರಮಿರ ಮಿಂಚುವ ವಾರ್ನಿಶ್ ಬಳಿದಿದ್ದಾರೆ. ಬಟ್ಟಿನ ಕೆಳತುದಿಯಲ್ಲಿ ಒಂದು ಬಿರುಕು. ಕಬ್ಬಿಣಕ್ಕೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಬೆಲೆ ಕಡಿಮೆ ಇದ್ದದ್ದು ಇದಕ್ಕೇ, ನಾನು ತಗೊಂಡದ್ದೂ ಇದಕ್ಕೇ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಲು ಸಿ ಪರವಾನಗಿ ಇರುವ ವಿದೇಶಿಯರು ಇಂಥ ಬೋಲ್ಟ್ ಕೋವಿಯನ್ನು ಲಿಖಿತ ಒಪ್ಪಂದದ ಮೇಲೆ ಕೊಳ್ಳಬಹುದು. ಒಪ್ಪಂದವನ್ನು ಇಬ್ಬರೂ 10 ವರ್ಷ ಕಾಪಾಡಬೇಕು. ಮಾರಿದವನು 30 ದಿನದೊಳಗೆ ಅದರ ಪ್ರತಿಯನ್ನು ಕ್ಯಾಂಟನ್ನಿನ (ಸ್ವಿಸ್ ರಾಜ್ಯದ) ಶಸ್ತ್ರ ಕಚೇರಿಗೆ ಕಳಿಸಬೇಕು. ಸಿ ಇಲ್ಲದವರು ಮೊದಲು ಖರೀದಿ ಅನುಮತಿ ಪಡೆಯಬೇಕು. ನಾನು ಕೊಡಗಿನ ಕಡೆಯವನು, ಮನೆಯಲ್ಲಿ ಕೋವಿ ಇರುವುದು ನನಗೆ ಹೊಸದಲ್ಲ. ಸೆಪ್ಟೆಂಬರ್ ಬಂದರೆ ಊರಿನಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅದೇ ತಿಂಗಳು ಜ್ಯೂರಿಕ್‌ನಲ್ಲಿ ಕ್ನಾಬೆನ್‌ಶೀಸೆನ್. 13ರಿಂದ 17 ವರ್ಷದ ಮಕ್ಕಳು ಸೈನ್ಯದ ಕೋವಿ ಹಿಡಿದು ಗುರಿ ಹೊಡೆಯುವ ಹಬ್ಬ. 1991ರಿಂದ ಹುಡುಗಿಯರಿಗೂ ಅವಕಾಶ ಇದೆ. ನಮ್ಮೂರಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿ ಬೆಳೆದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಬಿಚ್ಚುವ ಕೆಲಸ

ಮ್ಯಾಗಜೀನ್ ತೆಗೆ, ಬೋಲ್ಟ್ ಎಳೆ, ಚೇಂಬರ್ (ತೋಟಾ ಕೂರುವ ಜಾಗ) ನೋಡು, ಆಮೇಲೆ ಬೆರಳಿಟ್ಟು ಮುಟ್ಟಿ ನೋಡು. ಕಣ್ಣನ್ನು ಒಂದನ್ನೇ ನಂಬಬಾರದು. ಮೇಜಿನ ಹತ್ತಿರ ತೋಟಾ ಇರಲೇಬಾರದು.

ರಿಸೀವರಿನ ಬಲಗಡೆ ಇರುವ ತಡೆಯನ್ನು ಒತ್ತಿ ಹಿಡಿದರೆ ಬೋಲ್ಟ್ ಹಿಂದಕ್ಕೆ ಪೂರ್ತಿ ಜಾರಿ ಬರುತ್ತದೆ. ಸ್ವಿಸ್ ಕೋವಿಯ ಮಜಾ ಇರುವುದು ಈ ಬೋಲ್ಟ್‌ನಲ್ಲೇ. ಬೇರೆ ಹೆಚ್ಚಿನ ದೇಶಗಳ ಸೈನಿಕರು ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಮತ್ತೆ ಕೆಳಗೆ ಒತ್ತಬೇಕಿತ್ತು. ಇದನ್ನು ನೇರ ಹಿಂದೆ ಎಳೆದು ನೇರ ಮುಂದೆ ತಳ್ಳಿದರೆ ಆಯಿತು. ಬಲಗಡೆ ಒಂದು ಸರಳು ಓಡಾಡುತ್ತದೆ. ಅದರ ಹಲ್ಲು ಬೋಲ್ಟಿನ ಹೊರಕವಚದಲ್ಲಿ ಓರೆಯಾಗಿ ಕೊರೆದ ಗಾಡಿಯೊಳಗೆ, ಅಂದರೆ ಉದ್ದನೆ ತೋಡಿನೊಳಗೆ, ಕೂತಿರುತ್ತದೆ. ಸರಳು ನೇರ ಬಂದಾಗ ಗಾಡಿಯ ಓರೆ ಕವಚವನ್ನು ತಿರುಗಿಸುತ್ತದೆ, ಬೀಗ ಬಿಡುತ್ತದೆ, ಆಮೇಲೆ ಇಡೀ ಬೋಲ್ಟ್ ಹಿಂದೆ ಬರುತ್ತದೆ. ನನ್ನ ಕೋವಿಯಲ್ಲಿ ಈ ಗಾಡಿ ತುಂಬ ಹಳೆ ಗ್ರೀಸ್ ಗಟ್ಟಿಯಾಗಿ ಕೂತಿತ್ತು. ಎಳೆದರೆ ಅರ್ಧಕ್ಕೆ ತಡೆದು, ಆಮೇಲೆ ಜರ್ ಅಂತ ಬರುತ್ತಿತ್ತು.

ನೇರ ಎಳೆತದ ಈ ಯೋಚನೆ 1889ರ ಷ್ಮಿಟ್-ರುಬಿನ್ ಕೋವಿಯಿಂದ ಬಂದದ್ದು. ಕೋವಿ ರುಡಾಲ್ಫ್ ಷ್ಮಿಟ್ ಅವರದ್ದು, ತೋಟಾ ಎಡ್ವರ್ಡ್ ರುಬಿನ್ ಅವರದ್ದು. ಸೀಸದ ಗುಂಡಿಗೆ ತಾಮ್ರದ ಕವಚ ಹಾಕಿದ ಹೆಸರು ಇದೇ ರುಬಿನ್‌ಗೆ ಸೇರುತ್ತದೆ. ಹಳೆಯ ಬೋಲ್ಟ್ ಮಾತ್ರ ವಿಪರೀತ ಉದ್ದ. ಕರ್ನಲ್ ಅಡಾಲ್ಫ್ ಫುರರ್ ನೇತೃತ್ವದಲ್ಲಿ ಬರ್ನ್ ಕಾರ್ಖಾನೆಯವರು ಬೋಲ್ಟನ್ನು ಬಿಗಿದು ಹಿಡಿಯುವ ಬೀಗದ ಕಿವಿಗಳನ್ನು ಮುಂದಕ್ಕೆ, ಚೇಂಬರಿನ ಹಿಂದೆಯೇ ತಂದು ಬೋಲ್ಟನ್ನು ಗಿಡ್ಡ ಮಾಡಿದರು. ಉಳಿದ ಜಾಗ ಬ್ಯಾರೆಲ್‌ಗೆ ಹೋಯಿತು. 1911ರ ಕಾರ್ಬೈನಿನ ಬ್ಯಾರೆಲ್ 592 ಮಿಲಿಮೀಟರ್ ಇದ್ದರೆ ಕೆ31ರದ್ದು 652. ಎರಡು ಕೋವಿಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಎತ್ತರ ಹೆಚ್ಚು ಕಡಿಮೆ ಒಂದೇ.

ಬೋಲ್ಟಿನ ಭಾಗಗಳನ್ನು ಬಿಡಿಸಲು ಯಾವ ಉಪಕರಣವೂ ಬೇಡ. ಬಿಡಿಸಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಇಲ್ಲಿ ದೀಪದ ಎಣ್ಣೆ ಅಂತ ಬಾಟಲಿಯಲ್ಲಿ ಸಿಗುತ್ತದೆ. ರಾತ್ರಿ ಬಿಟ್ಟರೆ ಗ್ರೀಸ್ ಬೆಲ್ಲದ ಪಾಕದಂತೆ ಮೆತ್ತಗಾಗುತ್ತದೆ. ಮೊನೆ ಮಾಡಿದ ಬಿದಿರು ಕಡ್ಡಿಯಿಂದ ಗಾಡಿಯೊಳಗಿನದನ್ನು ತೆಗೆದೆ. ಲೋಹದ ಮೊನೆ ಬೇಡ, ಗೀರು ಬಿದ್ದರೆ ಅದು ಅಲ್ಲೇ ಉಳಿಯುತ್ತದೆ. ಚೇಂಬರಿನಲ್ಲಿ ಕಂದು ಬಣ್ಣದ ಪದರವೂ ಇತ್ತು. ನೋಡಿದ ತಕ್ಷಣ ತುಕ್ಕು ಅನ್ನಿಸುತ್ತದೆ, ಆದರೆ ಉಗುರಿಗೆ ಬರುತ್ತದೆ. ಸ್ವಿಸ್ ಸೈನ್ಯದ ಜಿಪಿ11 ತೋಟಾದಲ್ಲಿ ಗುಂಡು ಮತ್ತು ಕೇಸ್ ಸೇರುವ ಕತ್ತಿನ ಸುತ್ತ ಮೇಣದ ಉಂಗುರ ಇರುತ್ತದೆ. ನೀರು ಒಳಗೆ ಹೋಗದಿರಲಿ ಅಂತ. ಎಷ್ಟೋ ವರ್ಷದ ಮೇಣ ಅಲ್ಲಿ ಕೂತಿತ್ತು, ಸೀಮೆಎಣ್ಣೆಗೆ ಅದೂ ಹೋಯಿತು.

ಸ್ಕ್ರೂಗಳ ವಿಷಯದಲ್ಲಿ ಆತುರ ಬೇಡವೇ ಬೇಡ. ಸ್ವಿಸ್ ಸ್ಕ್ರೂಗಳ ಸೀಳು ಬಹಳ ಕಿರಿದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕ್ರೂಡ್ರೈವರ್ ತುದಿ ಇಳಿಜಾರಾಗಿರುತ್ತದೆ. ಅದು ಸೀಳಿನ ಬಾಯಲ್ಲಿ ಮಾತ್ರ ಕೂತು, ತಿರುಗಿಸಿದರೆ ಅಂಚು ಕಿತ್ತು ಹಾಕುತ್ತದೆ. ತುದಿಯ ಎರಡೂ ಮುಖ ಸಮಾನಾಂತರ ಇರುವ ಬಿಟ್ ಬೇಕು. ಹಳೆಯ ಕೋವಿ ಕೊಳ್ಳುವಾಗ ನಾನು ಮೊದಲು ನೋಡುವುದೇ ಸ್ಕ್ರೂ ತಲೆ. ಅಲ್ಲಿ ಗಾಯ ಇದ್ದರೆ ಒಳಗೂ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ. ಇದರಲ್ಲಿ ಸ್ಕ್ರೂಗಳು ಚೆನ್ನಾಗಿದ್ದವು. ವಾರ್ನಿಶ್ ಬಳಿದ ಪುಣ್ಯಾತ್ಮರು ಕೋವಿ ಬಿಚ್ಚುವ ಗೋಜಿಗೇ ಹೋಗಿರಲಿಲ್ಲ, ಲೋಹದ ಪಟ್ಟಿಯ ಮೇಲೂ ಒಂದೊಂದು ಗೆರೆ ಎಳೆದಿದ್ದರು. ಅವರ ಸೋಮಾರಿತನ ನನಗೆ ಒಳ್ಳೆಯದೇ ಆಯಿತು. ಮೇಲಿನ ಮರದ ಕವಚ ತೆಗೆದಾಗ ಒಳಗಿನ ಮರ ಕಾರ್ಖಾನೆಯಿಂದ ಬಂದ ಹಾಗೇ ಇತ್ತು. ಹೊರಗೆ ಯಾವ ಬಣ್ಣಕ್ಕೆ ತಲುಪಬೇಕು ಅನ್ನುವುದಕ್ಕೆ ಅದೇ ಮಾದರಿ.

ಬ್ಯಾರೆಲ್ಲಿನ ಮೇಲಿದ್ದ ತುಕ್ಕಿಗೆ ಎಣ್ಣೆಯಲ್ಲಿ ಅದ್ದಿದ ಕಂಚಿನ ಉಣ್ಣೆ (ಪಾತ್ರೆ ಉಜ್ಜುವ ತಂತಿ ನಾರಿನಂಥದ್ದು) ಸಾಕಾಯಿತು. ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಕಂದು ಬರುವುದು ನಿಂತ ಕೂಡಲೇ ನಾನೂ ನಿಲ್ಲಿಸಿದೆ. ಕಪ್ಪು ಚುಕ್ಕೆಗಳು ಉಳಿದಿವೆ, ಇರಲಿ. ಬ್ಯಾರೆಲ್ ಒಳಗಡೆ ಚೇಂಬರಿನ ಕಡೆಯಿಂದಲೇ ಸ್ವಚ್ಛ ಮಾಡಿದ್ದು. ಬಾಯಿಯ ಕಡೆಯಿಂದ ಸರಳು ಹಾಕಿದರೆ ತುದಿ ಸವೆಯುತ್ತದೆ, ಗುರಿ ಹೋಗುತ್ತದೆ. ಬ್ಯಾರೆಲ್ ಮೇಲೆ ‘ಪಿ’ ಮುದ್ರೆ ಇದೆ. ಸೇವೆ ಮುಗಿಸಿದ ಸೈನಿಕನಿಗೆ ಈ ಕೋವಿಯನ್ನು ಸ್ವಂತಕ್ಕೆ ಕೊಟ್ಟರು ಅನ್ನುವ ಗುರುತು ಅದು.

ಬಟ್ ಪ್ಲೇಟಿನ ಕೆಳಗೆ

ಎರಡು ಸ್ಕ್ರೂ, ಒಂದು ಉಕ್ಕಿನ ತಟ್ಟೆ. ಕೆ31 ಸಂಗ್ರಹಿಸುವ ಎಲ್ಲರೂ ಉಸಿರು ಹಿಡಿದು ಬಿಚ್ಚುವ ಜಾಗ ಇದು. ಸೈನಿಕರು ತಮ್ಮ ಹೆಸರು, ತುಕಡಿ, ವಿಳಾಸ ಇರುವ ಚಿಕ್ಕ ಚೀಟಿಯನ್ನು ಇಲ್ಲಿ ಇಡುತ್ತಿದ್ದರು. ಕೋವಿ ಮನೆಯಲ್ಲೇ ಇರುತ್ತಿತ್ತು, ಕರೆ ಬಂದಾಗ ಹಿಡಿದುಕೊಂಡು ಹೋಗಬೇಕಿತ್ತು. ಒಂದೇ ಥರದ ನೂರಾರು ಕೋವಿಗಳ ನಡುವೆ ತನ್ನದು ಯಾವುದು ಅಂತ ಗೊತ್ತಾಗಬೇಕಲ್ವಾ?

ಇದರಲ್ಲಿ ಚೀಟಿ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಟೈಪ್ ಮಾಡಿದ ಸಾಲುಗಳು, ಒಂದು ಸಾಲನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿ ಮೇಲೆ ಬೇರೆ ಹಳ್ಳಿಯ ಹೆಸರು ಬರೆದಿದೆ. ಮನೆ ಬದಲಿಸಿದ್ದಿರಬೇಕು. ಒಂದು ಅಂಚು ಪ್ಲೇಟಿನ ತುಕ್ಕಿನ ಜೊತೆ ಮರಕ್ಕೆ ಅಂಟಿಕೊಂಡಿತ್ತು. ಹೆಸರು ಇಲ್ಲಿ ಹಾಕುವುದಿಲ್ಲ. ಕೆಲವರು ಫೋನ್ ಪುಸ್ತಕ ತಿರುವಿ ಆ ಮನೆಯವರನ್ನು ಹುಡುಕುತ್ತಾರೆ. ನನಗೆ ಅದು ಸರಿ ಅನ್ನಿಸಲಿಲ್ಲ, ಕೇಳದೆ ಯಾರದ್ದೋ ಮನೆ ಬಾಗಿಲು ತಟ್ಟಿದ ಹಾಗೆ ಆಗುತ್ತದೆ.

ತೊಂದರೆ ಏನೆಂದರೆ, ಬಿರುಕು ಇದ್ದದ್ದು ಸರಿಯಾಗಿ ಚೀಟಿಯ ಕೆಳಗೆ. ಬಟ್ಟಿನ ಕೆಳಮೂಲೆಯಿಂದ ನಾಲ್ಕು ಸೆಂಟಿಮೀಟರ್‌ನಷ್ಟು ಮೇಲೆ ಹೋಗಿದೆ. ಅಂಟು ಹಾಕಬೇಕಾದರೆ ಶಾಖ, ತೇವ ಎರಡೂ ಬೇಕು, ಚೀಟಿಗೆ ಎರಡೂ ಆಗದು. ಹಾಗಾಗಿ ಎಲ್ಲ ಕೆಲಸಕ್ಕಿಂತ ಮೊದಲು ಚೀಟಿ ಎತ್ತುವುದು. ನೀರು ಹಾಕಿ ನೆನೆಸಿದರೆ ಬೇಗ ಬರುತ್ತದೆ, ಆದರೆ ತುಕ್ಕು ಕಾಗದದೊಳಗೆ ಹರಡುತ್ತದೆ. ಒಣಗಿದ್ದಂತೆಯೇ, ಬಿದಿರು ಸೀಳನ್ನು ತೆಳ್ಳಗೆ ಹೆರೆದು ಅಂಚಿನಿಂದ ಒಳಗೆ ತೂರಿಸಿದೆ. ಕಾಗದ ಎಳೆಯಬಾರದು, ಸೀಳೇ ಮುಂದೆ ಹೋಗಬೇಕು. ತುಕ್ಕಿನ ಅಂಚಿನಲ್ಲಿ ಕಾಗದದ ಒಂದು ಎಳೆ ಮರದ ಮೇಲೇ ಉಳಿಯಿತು. ಉಳಿದದ್ದೆಲ್ಲ ಇಡಿಯಾಗಿ ಬಂತು. ಎರಡೂ ಬದಿಯ ಫೋಟೋ ತೆಗೆದು, ಆಮ್ಲ ಇಲ್ಲದ ಕಾಗದದ ನಡುವೆ ಇಟ್ಟು ಪುಸ್ತಕದ ಭಾರ ಹಾಕಿದೆ.

ವಾರ್ನಿಶ್

ಕೆ31ರ ಮರ ಮೊದಮೊದಲು ವಾಲ್‌ನಟ್, ಎರಡನೇ ಮಹಾಯುದ್ಧ ಮುಗಿದ ಮೇಲೆ ಬೀಚ್. ನನ್ನದು ವಾಲ್‌ನಟ್. ಉಪ್ಪುಕಾಗದ ತಾಗಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಮರ ಮತ್ತು ಬಟ್ ಪ್ಲೇಟ್ ಸೇರುವ ಗೆರೆಯ ಮೇಲೆ ಹೆಬ್ಬೆರಳು ಓಡಿಸಿ. ಉಜ್ಜದ ಕೋವಿಯಲ್ಲಿ ಮರ ಲೋಹಕ್ಕಿಂತ ಕೂದಲೆಳೆ ಎತ್ತರ ಇರುತ್ತದೆ, ಅಥವಾ ಸಮ ಇರುತ್ತದೆ. ಉಜ್ಜಿದ್ದರೆ ಲೋಹದ ಅಂಚು ಬೆರಳಿಗೆ ಚುಚ್ಚುತ್ತದೆ. ಇದರಲ್ಲಿ ಚುಚ್ಚಲಿಲ್ಲ. ವಾರ್ನಿಶ್‌ನ ಕೆಳಗೆ ಮುದ್ರೆಗಳ ಅಂಚೂ ಮೊಂಡಾಗಿರಲಿಲ್ಲ. ಅಂದರೆ ಬಳಿದವರು ಮೊದಲು ಉಜ್ಜಿರಲಿಲ್ಲ, ಸುಮ್ನೆ ಕೊಳೆಯ ಮೇಲೇ ಬಳಿದಿದ್ದರು.

ಬಳಿದದ್ದು ಏನು ಅಂತ ಮೊದಲು ಗೊತ್ತಾಗಬೇಕು. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಕಾಣದ ಜಾಗದಲ್ಲಿ ಇಟ್ಟರೆ ಅರಗಿನ ಪಾಲಿಶ್ ಆಗಿದ್ದರೆ ಅಂಟಂಟಾಗುತ್ತದೆ. ಇದು ಜಪ್ಪಯ್ಯ ಅನ್ನಲಿಲ್ಲ. ಹಾಗಾದರೆ ಪಾಲಿಯೂರಿಥೇನ್. ಅದಕ್ಕೆ ಬಣ್ಣ ಕೀಳುವ ಜೆಲ್ಲೇ ಗತಿ. ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಅಂಗೈ ಅಗಲದ ಜಾಗಕ್ಕೆ ಮಾತ್ರ ಹಚ್ಚುತ್ತಾ ಹೋದೆ. ಪದರ ಸುಕ್ಕುಗಟ್ಟಿ ಎದ್ದಾಗ ಮರದ ಚಪ್ಪಟೆ ಕಡ್ಡಿಯಿಂದ ತಳ್ಳಿದೆ. ಮುದ್ರೆ ಇರುವಲ್ಲಿ ಕಡ್ಡಿಯೂ ಬೇಡ. ಒಂದು ಚಿಕ್ಕ ಸ್ವಿಸ್ ಶಿಲುಬೆ, ಪಕ್ಕದಲ್ಲೊಂದು ಅಕ್ಷರ. ಅದರ ಮೂಲೆಗಳಲ್ಲಿ ವಾರ್ನಿಶ್ ಗಾಜಿನಂತೆ ತುಂಬಿಕೊಂಡಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಜೆಲ್ ಇಟ್ಟು, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಎಬ್ಬಿಸಿದೆ. ಅಷ್ಟು ಚಿಕ್ಕ ಜಾಗಕ್ಕೆ ಉಳಿದ ಬಟ್ಟಿಗಿಂತ ಜಾಸ್ತಿ ಹೊತ್ತು ಹಿಡಿಯಿತು.

ಕೆಳಗೆ ಬಂದ ಬಣ್ಣ ಒಳಮರದ್ದೇ, ಸ್ವಲ್ಪ ಗಾಢ. ಬಟ್ಟಿನ ಕೆಳಗಿನ ಒಂದು ಗೇಣು ಮಾತ್ರ ಕಪ್ಪು, ತುಂಬಾ ಜಜ್ಜಿದೆ. ಹೆಚ್ಚಿನ ಕೆ31ಗಳು ಹೀಗೇ ಇರುತ್ತವೆ. ಹಿಮದಲ್ಲಿ ನೆಟ್ಟು ನಿಲ್ಲಿಸಿದ್ದರಿಂದ ಅಂತ ಕೆಲವರು, ಬೂಟಿನ ಮೊಳೆ ತಾಗಿ ಅಂತ ಕೆಲವರು ಹೇಳುತ್ತಾರೆ. ಆಕ್ಸಾಲಿಕ್ ಆಮ್ಲ ಹಾಕಿ ಆ ಕಪ್ಪನ್ನು ತೆಗೆಯುವವರಿದ್ದಾರೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ಜಜ್ಜಿದ್ದನ್ನು ಉಬ್ಬಿಸುವವರೂ ಇದ್ದಾರೆ. ಎಳೆ ಕತ್ತರಿಸದೆ ಬರೀ ಒತ್ತಿ ಹೋಗಿದ್ದರೆ ಹಬೆಗೆ ಮರ ಮೇಲೆ ಬರುತ್ತದೆ, ನಿಜ. ಆದರೆ ಮುದ್ರೆ ಕೂಡ ಒತ್ತಿದ ಮರವೇ ತಾನೆ? ಹಬೆ ತಾಗಿದರೆ ಅದೂ ಉಬ್ಬಿ ಅಳಿಸಿ ಹೋಗುತ್ತದೆ. ನಾನು ಇಸ್ತ್ರಿ ಹೊರಗೇ ತೆಗೆಯಲಿಲ್ಲ. 1940ರ ದಶಕದಲ್ಲಿ ಗಡಿ ಕಾಯಲು ಆಲ್ಪ್ಸ್ ಹತ್ತಿದ ಕೋವಿಗೆ ಗಾಯ ಇರಬಾರದು ಅಂದರೆ ಹೇಗೆ?

ಸರೇಸು

ಬಿರುಕಿಗೆ ಎಪಾಕ್ಸಿ ಹಾಕು ಅಂತ ಗುರಿಕಾರ ಗೆಳೆಯರೊಬ್ಬರು ಪಟ್ಟು ಹಿಡಿದರು. ಅದು ಗಟ್ಟಿ, ಒಪ್ಪುತ್ತೇನೆ. ಆದರೆ ಒಮ್ಮೆ ಕೂತರೆ ಬಿಡಿಸಲು ಆಗುವುದಿಲ್ಲ. ನಾಳೆ ನನಗಿಂತ ಚೆನ್ನಾಗಿ ಕೆಲಸ ಗೊತ್ತಿರುವವರು ಬಂದರೆ ಅವರಿಗೆ ದಾರಿ ಇರಬೇಕು. ಸರೇಸು, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವ ಹಳೆ ಅಂಟು, ಆದರೆ ಬಿಸಿನೀರಿಗೆ ಮತ್ತೆ ಸಡಿಲವಾಗುತ್ತದೆ. ಮಳೆಯಲ್ಲಿ ನೆನೆದರೆ ಕಷ್ಟ, ಆದರೆ ಈ ಕೋವಿ ಇನ್ನು ಮಳೆಯಲ್ಲಿ ನಿಲ್ಲುವುದಿಲ್ಲ.

ಸರೇಸಿನ ಹರಳನ್ನು ತಣ್ಣೀರಲ್ಲಿ ರಾತ್ರಿ ನೆನೆಸಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. 60 ಡಿಗ್ರಿ ಆಸುಪಾಸು ಸಾಕು. ಕುದಿಸಿದರೆ ಶಕ್ತಿ ಹೋಗುತ್ತದೆ. ಬಿರುಕಿನೊಳಗೆ ಹಳೆ ಎಣ್ಣೆ ಇತ್ತು, ತೆಳು ರಟ್ಟಿಗೆ ಅಸಿಟೋನ್ ಹಚ್ಚಿ ಒಳಗೆ ಆಡಿಸಿ ಒಣಗಿಸಿದೆ. ಆಮೇಲೆ ಕೂದಲು ಒಣಗಿಸುವ ಯಂತ್ರದಿಂದ ಮರವನ್ನು ಬೆಚ್ಚಗೆ ಮಾಡಿದೆ. ತಣ್ಣನೆ ಮರಕ್ಕೆ ಸರೇಸು ತಾಗಿದರೆ ಅಲ್ಲೇ ಗಟ್ಟಿಯಾಗುತ್ತದೆ, ಒಳಗೆ ಇಳಿಯುವುದಿಲ್ಲ. ಹೆಬ್ಬೆರಳಿನಿಂದ ಬಿರುಕಿನ ಬಾಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಅದೇ ಒಳಗೆಳೆದುಕೊಳ್ಳುತ್ತದೆ. ಇನ್ನೊಂದು ಕಡೆ ಹನಿ ಕಂಡಾಗ ನಿಲ್ಲಿಸಿ, ಸೈಕಲ್ ಟ್ಯೂಬ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದೆ. ಓರೆಕೋರೆ ಇರುವ ಬಟ್ಟಿಗೆ ಕ್ಲಾಂಪ್ ಹಿಡಿಯುವುದಿಲ್ಲ, ಟ್ಯೂಬ್ ಎಲ್ಲ ಕಡೆಯಿಂದ ಸಮ ಒತ್ತುತ್ತದೆ. ಹೊರಗೆ ಬಂದದ್ದನ್ನು ಬಿಸಿನೀರ ಬಟ್ಟೆಯಿಂದ ಒರೆಸಿದೆ.

ಒಣಗಿದ ಮೇಲೆ ಇಡೀ ಮರಕ್ಕೆ ಅಗಸೆ ಎಣ್ಣೆ, ಬೆರಳಲ್ಲಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ ತೆಗೆಯುವುದು. ತೆಳ್ಳಗೆ, ನಡುವೆ ಬಿಡುವು ಕೊಟ್ಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಕೊನೆಗೆ ಒಂದು ಕೈ ಜೇನುಮೇಣ. ಹೊಳಪು ಅಷ್ಟಕ್ಕಷ್ಟೇ, ಕೈಗೆ ಮರ ಅಂತ ಗೊತ್ತಾಗುತ್ತದೆ.

ಜೋಡಣೆ, ಗುರಿ

ಚೀಟಿಯನ್ನು ಪಾಲಿಯೆಸ್ಟರ್ ಹಾಳೆಯ ತೆಳು ಲಕೋಟೆಯಲ್ಲಿಟ್ಟು ಅದರ ಜಾಗಕ್ಕೇ ಸೇರಿಸಿದೆ. ಪ್ಲೇಟಿನ ಒಳಮೈಯ ತುಕ್ಕು ತೆಗೆದು ಮೇಣ ಸವರಿದ್ದೇನೆ, ಮತ್ತೆ ಅಂಟದಿರಲಿ ಅಂತ. ರಿಸೀವರ್ ಹಿಡಿಯುವ ಎರಡು ಸ್ಕ್ರೂಗಳಲ್ಲಿ ಮುಂದಿನದು ಮೊದಲು, ಬಿಗಿಯಾಗಿ. ಆಮೇಲೆ ಹಿಂದಿನದು. ಬೋಲ್ಟ್ ಓಡುವ ಗಾಡಿಗೆ ಗ್ರೀಸ್ ಒಂದು ಕಡಲೆಕಾಳಿನಷ್ಟು. ಈಗ ಎಳೆದರೆ ತಡೆ ಇಲ್ಲ, ಒಂದೇ ಸದ್ದಿನಲ್ಲಿ ಹೋಗಿ ಬರುತ್ತದೆ.

ಶನಿವಾರ 300 ಮೀಟರ್ ಮೈದಾನಕ್ಕೆ ಒಯ್ದೆ. ಇಲ್ಲಿ ಹಳ್ಳಿ ಹಳ್ಳಿಗೂ ಇಂಥ ಮೈದಾನ ಹತ್ತಿರದಲ್ಲಿದೆ, ವರ್ಷಕ್ಕೊಮ್ಮೆ ಬರುವ ಫೆಲ್ಡ್‌ಶೀಸೆನ್ ಗುರಿ ಪಂದ್ಯದಲ್ಲಿ ಅಜ್ಜಂದಿರು ಇಂದಿಗೂ ಕೆ31 ಹಿಡಿದು ಮಲಗಿ ಗುರಿ ಹೊಡೆಯುತ್ತಾರೆ. 18 ಗುಂಡು, ಪೂರ್ತಿ ಅಂಕ 72. ನಾನು ಅಂಕ ಲೆಕ್ಕ ಹಾಕಲು ಹೋದದ್ದಲ್ಲ, ಮರ ಬಿಚ್ಚಿ ಜೋಡಿಸಿದ ಮೇಲೆ ಗುಂಡು ಎಲ್ಲಿ ಬೀಳುತ್ತದೆ ಅಂತ ನೋಡಲು. ಗುಂಪು ಒತ್ತಾಗಿಯೇ ಇದೆ, ಎತ್ತರವೂ ಸರಿ. ಆದರೆ ಇಡೀ ಗುಂಪು ಬಲಕ್ಕೆ ಕೂತಿದೆ. ಬಿರುಕು ತೆರೆದುಕೊಂಡಿಲ್ಲ.

ಬಲಕ್ಕೆ ಹೋದದ್ದನ್ನು ಸರಿಮಾಡಲು ಬ್ಯಾರೆಲ್ ತುದಿಯಲ್ಲಿ ಗುರಿ ಹಿಡಿಯಲು ಇರುವ ಮೊನೆಯನ್ನೂ (ಮುಂದಿನ ಸೈಟ್) ಬಲಕ್ಕೇ ಸರಿಸಬೇಕು. ಕೆ31ರಲ್ಲಿ ಅದು ಓರೆಯಾದ ಗಾಡಿಯಲ್ಲಿ ಕೂತಿರುತ್ತದೆ. ಸುತ್ತಿಗೆ, ಪಂಚು ಹಿಡಿದು ಹೊಡೆದವರ ಗುರುತು ಎಷ್ಟೋ ಕೋವಿಗಳ ಮೇಲೆ ಕಾಣುತ್ತದೆ. ತಿರುಪು ತಿರುಗಿಸಿ ಮೆಲ್ಲಗೆ ತಳ್ಳುವ ಉಪಕರಣ ಬೇಕು. ಕ್ಲಬ್ಬಿನಲ್ಲಿ ಒಂದು ಇದೆ, ಸದ್ಯಕ್ಕೆ ಬೇರೆಯವರ ಕೈಯಲ್ಲಿದೆ. ಅದು ಸಿಗುವ ತನಕ ನಾನು ಎಡಕ್ಕೆ ಗುರಿ ಹಿಡಿಯುತ್ತಿದ್ದೇನೆ.